ಅಡಿಸ್ ಅಬಾಬಾದ ಕುರಿ, ಸಿಲ್ವರ್ ಸ್ಪ್ರಿಂಗ್‌ನ ಗಿರಾಕಿ: ನನ್ನ ಅನುಭವ

‘ಕುರಿ ಮಾರೋಕೆ ಅಮೆರಿಕಕ್ಕೆ ಹೋಗ್ಬೇಕಿತ್ತೇನೋ?’ ಅಂತ ದಾವಣಗೆರೆಯ ನಮ್ಮ ಚಿಕ್ಕಪ್ಪ ನಕ್ಕಿದ್ದರು. ಹೋದ ಫಾಸಿಕಾಗೆ, ಅಂದರೆ ಇಥಿಯೋಪಿಯಾದವರ ಈಸ್ಟರ್‌ಗೆ, 170 ಚಿಲ್ಲರೆ ಕುರಿ ಹೋದವು. ಈಗ ಚಿಕ್ಕಪ್ಪ ಫೋನ್ ಮಾಡಿದರೆ ಮೊದಲು ಕೇಳೋದೇ ಒಂದು ಕುರಿಗೆ ಎಷ್ಟು ಉಳಿಯುತ್ತೆ ಅಂತ.

ಕುರಿ ನನ್ನದಲ್ಲ. ಅಡಿಸ್ ಅಬಾಬಾದಲ್ಲಿ ಇಬ್ಬರು ವ್ಯಾಪಾರಿಗಳಿದ್ದಾರೆ, ಒಬ್ಬ ಕುರಿಯವನು, ಇನ್ನೊಬ್ಬಾಕೆ ಕೇಕು, ಹೂವಿನ ಅಂಗಡಿಯವಳು. ಗಿರಾಕಿಗಳು ವಾಷಿಂಗ್ಟನ್ ಸುತ್ತಮುತ್ತ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ ಕಡೆ ಇರುವ ಇಥಿಯೋಪಿಯಾದವರು. ಇಲ್ಲಿ ಮಗಳು ದುಡ್ಡು ಕಟ್ಟುತ್ತಾಳೆ, ಅಲ್ಲಿ ಅಮ್ಮನ ಮನೆ ಬಾಗಿಲಿಗೆ ಕುರಿ ಹೋಗುತ್ತೆ. ಗಿರಾಕಿ ಹುಡುಕಿ ಕೊಡೋದು ನನ್ನ ಕೆಲಸ.

‘ಅವರ ಭಾಷೆ ಬರಲ್ಲ, ಅವರ ಜನ ಅಲ್ಲ, ನಿನ್ನನ್ನ ಯಾರು ನಂಬ್ತಾರೆ?’ ಅಂತ ಸ್ನೇಹಿತರೆಲ್ಲ ಹೇಳಿದ್ದರು. ನಮ್ಮಪ್ಪ 70ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಇಲ್ಲಿನ ಅರವತ್ತು ದಾಟಿದ ಇಥಿಯೋಪಿಯಾದವರನ್ನು ಮಾತಾಡಿಸಿ ನೋಡಿ, ಎಷ್ಟೋ ಜನಕ್ಕೆ ಹೈಸ್ಕೂಲಲ್ಲಿ ಇಂಡಿಯಾದ ಮೇಷ್ಟ್ರು ಹೊಡೆದು ಲೆಕ್ಕ ಕಲಿಸಿದ್ದಾರೆ. ಆ ಒಂದು ಮಾತಿಗೆ ಬಾಗಿಲು ತೆಗೆಯುತ್ತಿತ್ತು. ಆದರೆ ಒಳಗೆ ಹೋದ ಮೇಲೆ ಏನು ಮಾಡಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ.

2023ರಲ್ಲಿ ಶುರು ಮಾಡಿದಾಗ ಎಲ್ಲರೂ ಮಾಡೋದನ್ನೇ ಮಾಡಿದೆ. ಚೆಂದದ ಪೇಜು, ಬುನಾ ಕಾಫಿ ಕುದಿಸುವ ಹೆಂಗಸಿನ ಫೋಟೊ, ‘ತವರು ನೆನಪಾಗ್ತಿದೆಯಾ?’ ಅನ್ನೋ ಸಾಲು, ಮೂಲೆಯಲ್ಲಿ ಬಾವುಟ. ಆನ್‌ಲೈನ್ ಜಾಹೀರಾತಿಗೆ ಸುಮಾರು 1,900 ಡಾಲರ್ ಸುರಿದೆ. ಬಂದ ಆರ್ಡರ್ ಒಂಬತ್ತು. ಬೈಗುಳ ಮಾತ್ರ ಲೆಕ್ಕವಿಲ್ಲ. ನಡುವೆ ನಕ್ಷತ್ರ ಇರುವ ಸರ್ಕಾರಿ ಬಾವುಟ ಹಾಕಿದ್ದೆ. ನಕ್ಷತ್ರ ಇಲ್ಲದ್ದೇ ನಮ್ಮ ಬಾವುಟ ಅನ್ನುವವರು ಬೇಕಾದಷ್ಟು ಜನ, ಎರಡೂ ಬೇಡ ಅನ್ನುವವರೂ ಇದ್ದಾರೆ. ಕುರಿ ಬಿಟ್ಟು ರಾಜಕೀಯ ಶುರುವಾಯ್ತು. ಅವತ್ತಿಂದ ನನ್ನ ಯಾವ ಕೆಲಸದಲ್ಲೂ ಬಾವುಟವಿಲ್ಲ.

ಇನ್ನು ರೇಟು. ಆಗ ಬ್ಯಾಂಕಿನಲ್ಲಿ ಡಾಲರಿಗೆ 55 ಬಿರ್ (ಇಥಿಯೋಪಿಯಾದ ದುಡ್ಡು) ಆಸುಪಾಸು. ಹೊರಗಿನ ಕಾಳಸಂತೆ ರೇಟು ಹೆಚ್ಚುಕಮ್ಮಿ ಅದರ ಎರಡು ಪಟ್ಟು. ಬ್ಯಾಂಕಿನ ಲೆಕ್ಕದಲ್ಲಿ ನನ್ನ ಕುರಿ 140 ಡಾಲರ್ ಆಗುತ್ತಿತ್ತು. ಟ್ಯಾಕ್ಸಿ ಓಡಿಸುವ ಒಬ್ಬ ಗಾಶೆ (ದೊಡ್ಡವರನ್ನು ಹಾಗೇ ಕರೆಯೋದು) ಸ್ಟೇರಿಂಗ್ ಮೇಲೇ ಲೆಕ್ಕ ಹಾಕಿ ತೋರಿಸಿದರು: ‘ನಿನ್ನ ಒಂದು ಕುರಿ ದುಡ್ಡಲ್ಲಿ ನಮ್ಮ ಹುಡುಗ ಎರಡು ಕುರಿ ತರ್ತಾನೆ.’ ಬಾಯಿ ಮುಚ್ಚಿಕೊಂಡು ಇಳಿದೆ. 2024ರ ಜುಲೈ ಕೊನೆಯಲ್ಲಿ ಸರ್ಕಾರ ಬಿರ್ ಅನ್ನು ಮಾರುಕಟ್ಟೆಗೆ ಬಿಟ್ಟಿತು, ಕೆಲವೇ ವಾರಗಳಲ್ಲಿ ಡಾಲರಿಗೆ ನೂರು ದಾಟಿತು. ನನ್ನ ರೇಟಿಗೆ ಮಾನ ಬಂದಿದ್ದೇ ಆಗ. ನನ್ನ ಜಾಣತನಕ್ಕಿಂತ ಅದೃಷ್ಟವೇ ಜಾಸ್ತಿ, ಒಪ್ಪಿಕೊಳ್ಳುತ್ತೇನೆ.

ಅದಕ್ಕೂ ಮುಂಚೆ ಗಂಟೆಯ ಎಡವಟ್ಟು. ಒಬ್ಬಳು ಅಮ್ಮನ ಹುಟ್ಟುಹಬ್ಬಕ್ಕೆ ಮಧ್ಯಾಹ್ನ ಮೂರಕ್ಕೆ ಕೇಕು ತಲುಪಬೇಕು ಅಂದಳು. ನಾನು ಅಂಗಡಿಗೆ ‘3 ಗಂಟೆ’ ಅಂತ ಬರೆದೆ. ಅವರ ಗಡಿಯಾರ ಬೆಳಗಾದ ಮೇಲೆ ಶುರುವಾಗುತ್ತೆ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಹುಡುಗ ಬೆಳಿಗ್ಗೆ ಒಂಬತ್ತಕ್ಕೇ ಹೋಗಿದ್ದಾನೆ. ಅಮ್ಮ ಚರ್ಚಿಗೆ ಹೋಗಿದ್ದಾರೆ. ಕೇಕು ಕಾವಲುಗಾರನ ಗುಡಿಸಲಲ್ಲಿ ಬಿಸಿಲು ಕುಡಿದು ಕರಗಿದೆ. 60 ಡಾಲರ್ ವಾಪಸ್, ಜೊತೆಗೊಂದು ಕೇಕು ಸುಮ್ನೆ. ಈಗ ಫಾರ್ಮಿನಲ್ಲಿ ಗಂಟೆ ಕೇಳೋದೇ ಇಲ್ಲ, ‘ಊಟಕ್ಕೆ ಮುಂಚೆ, ಊಟದ ಮೇಲೆ, ಸಂಜೆ’ ಅಷ್ಟೇ. ವಿಳಾಸವೂ ಹಾಗೇ. ಮನೆ ನಂಬರ್ ಕೇಳಿ ಪ್ರಯೋಜನವಿಲ್ಲ. ಚರ್ಚಿನ ಹಿಂದೆ, ನೀಲಿ ಗೇಟು, ಪಕ್ಕದಲ್ಲಿ ಔಷಧಿ ಅಂಗಡಿ. ನಮ್ಮೂರಿನವರಿಗೆ ಇದನ್ನ ಹೇಳಿಕೊಡಬೇಕಾ?

ಹುದಾದೆ ಉಪವಾಸದಲ್ಲೂ ಪೆಟ್ಟು ತಿಂದೆ. ಫಾಸಿಕಾಗೆ ಮುಂಚೆ 55 ದಿನ ಮಾಂಸ, ಹಾಲು, ಮೊಟ್ಟೆ ಏನೂ ಇಲ್ಲ. ಅದರ ನಡುವೆ ಬೆಣ್ಣೆ ಕೇಕಿನ ಪಕ್ಕ ದೊರೊ ವತ್ ಕೋಳಿ ಸಾರಿನ ಫೋಟೊ ಹಾಕಿದ್ದೆ. ಆದರೆ ಹಬ್ಬದ ಕುರಿಗೆ ಬುಕಿಂಗ್ ಬರೋದೂ ಇದೇ ಉಪವಾಸದಲ್ಲಿ, ಅಲ್ವಾ? ತಟ್ಟೆಯ ಮಾಂಸ ತೋರಿಸಬಾರದು, ನಿಂತಿರುವ ಕುರಿ ತೋರಿಸಬಹುದು. ಈ ವ್ಯತ್ಯಾಸ ಗೊತ್ತಾಗೋಕೆ ಒಂದು ಹಬ್ಬ ಕಳೆದುಕೊಂಡೆ.

ಕೊನೆಗೆ ಗೆದ್ದದ್ದು ವಿಡಿಯೊ, ಚೀಟಿ ಎರಡರಿಂದ. ಸಂತೆಯಲ್ಲಿ ಕುರಿ ಕೊಳ್ಳುವವನು ಮೊದಲು ಬೆನ್ನು ಒತ್ತುತ್ತಾನೆ, ಆಮೇಲೆ ಬಾಲದ ಕೊಬ್ಬನ್ನು ಕೈಯಲ್ಲಿ ತೂಗುತ್ತಾನೆ. ಕುರಿಯವನಿಗೆ ಹೇಳಿದೆ, ನಿನ್ನ ಮುಖ ಬೇಡ, ಸಂಗೀತ ಬೇಡ, ಆ ಕೈ ಮಾತ್ರ ತೋರಿಸು. ಹದಿನೈದು ಸೆಕೆಂಡು. ಹಿಂದೆಯೇ ಕುರಿ ತಲುಪಿದ ಮೇಲೆ ಎಮಾಮಾ (ವಯಸ್ಸಾದ ಅಮ್ಮನನ್ನು ಹಾಗೇ ಕರೆಯೋದು) ಗೇಟಿನಲ್ಲಿ ನಿಂತು ಮಗಳ ಹೆಸರು ಹಿಡಿದು ಹರಸುವ ಇನ್ನೊಂದು ವಿಡಿಯೊ, ಅದು ಮಗಳಿಗೆ ಮಾತ್ರ. ನಾನು ಎಲ್ಲೂ ಹಾಕಲ್ಲ. ಅವಳೇ ಹಂಚುತ್ತಾಳೆ, ಅದೂ ತನ್ನ ಇಕುಬ್ ಗುಂಪಿನಲ್ಲಿ. ಇಕುಬ್ ಅಂದರೆ ನಮ್ಮ ಚೀಟಿಯೇ, ಹತ್ತಿಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಹಾಕಿ ಸರದಿ ಮೇಲೆ ಎತ್ತೋದು. ದುಡ್ಡಿನ ವಿಷಯದಲ್ಲಿ ಆಗಲೇ ಒಬ್ಬರನ್ನೊಬ್ಬರು ನಂಬಿದವರು. ಒಂದು ಗುಂಪಿಗೆ ವಿಡಿಯೊ ಬಿದ್ದರೆ ನಾಲ್ಕೈದು ಆರ್ಡರ್ ಗ್ಯಾರಂಟಿ. ಜಾಹೀರಾತಿನ ಖರ್ಚು ಈಗ ತಿಂಗಳಿಗೆ 40 ಡಾಲರ್ ಇರಬಹುದು. ಕುರಿಗೆ ನನಗೆ ಉಳಿಯೋದು 14, 15 ಡಾಲರ್. ಚಿಕ್ಕಪ್ಪನಿಗೆ ಹತ್ತು ಅಂತ ಹೇಳಿದ್ದೇನೆ.

ಒಂದು ಗುಂಪಿನಲ್ಲಿ ಮೊದಲ ಗಿರಾಕಿಯಾಗಿ ಯಾರನ್ನು ಹಿಡಿಯಬೇಕು, ವಿಡಿಯೊ ವಾರದ ಯಾವ ಹೊತ್ತಿಗೆ ಕಳಿಸಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ. ಅದೇ ನನ್ನ ಹೊಟ್ಟೆಪಾಡು.

ಇದೇ ಧೈರ್ಯದಲ್ಲಿ ನಮ್ಮವರಿಗೂ ಒಂದು ಕೈ ನೋಡಿದೆ. ಇಲ್ಲಿನ ಕನ್ನಡದವರಿಂದ ಯುಗಾದಿಗೆ ಊರಿನ ಅಪ್ಪ ಅಮ್ಮನಿಗೆ ಹೋಳಿಗೆ ಪೊಟ್ಟಣ. ಆರು ಆರ್ಡರ್ ಬಂತು, ಮೂರು ಜನ ರದ್ದು ಮಾಡಿದರು. ಬೆಂಗಳೂರಲ್ಲಿ ಅಪ್ಪನೇ ಫೋನಲ್ಲಿ ಒತ್ತಿದರೆ ಅರ್ಧ ಗಂಟೆಗೆ ಹೋಳಿಗೆ ಮನೆಗೆ ಬರುತ್ತೆ, ನಾನ್ಯಾಕೆ ಬೇಕು?

ಸೆಪ್ಟೆಂಬರ್ 11ಕ್ಕೆ ಅವರ ಹೊಸ ವರ್ಷ. ಈ ಸಲ ಕೋಳಿಯೂ ಸೇರಿಸೋಣ ಅಂತ ಕುರಿಯವನು ಹಟ ಹಿಡಿದಿದ್ದಾನೆ. ಹೋದ ವಾರ ಕೋಳಿ ಎದೆ ಒತ್ತಿ ತೋರಿಸುವ ವಿಡಿಯೊ ತೆಗೆಯಲು ಹೋಗಿ ಒಂದು ಹುಂಜ ಕೈ ಬಿಡಿಸಿಕೊಂಡು ಪಕ್ಕದ ಮನೆ ತಗಡಿನ ಮೇಲೆ ಹಾರಿತಂತೆ. ಸಿಗಲಿಲ್ಲ. ಅದರ ದುಡ್ಡು ನನ್ನ ಲೆಕ್ಕಕ್ಕೆ ಬರೆದಿದ್ದಾನೆ.