ಭಾರತದ ಪಾಸ್‌ಪೋರ್ಟ್, ಜರ್ಮನ್ ಪರ್ಮಿಟ್ ಕಾರ್ಡ್: ಹೊಸ ವೀಸಾ ಇಲ್ಲದೆ ಬಾಲ್ಕನ್ ದಾಟಿದ ಬಗೆ

ಮ್ಯೂನಿಕ್‌ನಿಂದ ಕಾರಿನಲ್ಲಿ ಹೊರಟು ಕ್ರೊಯೇಷಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ ದಾಟಿ ಗ್ರೀಸ್ ಸೇರಬಹುದು, ನಮ್ಮ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಡ ಎಂದಾಗ ಇಲ್ಲಿನ ಕನ್ನಡದವರೇ ಒಪ್ಪಲಿಲ್ಲ. ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಆಚೆ ಹೋದರೆ ಗಡಿಯಿಂದಲೇ ವಾಪಸ್ ಕಳಿಸುತ್ತಾರೆ ಅಂದರು. ಈಗ ಆ ದಾರಿ ಪೂರ್ತಿ ಮುಗಿದಿದೆ. ವೀಸಾ ಖರ್ಚು ಸೊನ್ನೆ.

ನಿಯಮ ಇಷ್ಟೇ: ಶೆಂಗೆನ್ ದೇಶದ ಚಾಲ್ತಿ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೋಸ್ನಿಯಾ, ಮಾಂಟೆನೆಗ್ರೊದಲ್ಲಿ 30 ದಿನ, ಅಲ್ಬೇನಿಯಾ, ಸೆರ್ಬಿಯಾದಲ್ಲಿ ಪ್ರತಿ 180 ದಿನಗಳಲ್ಲಿ 90 ದಿನ, ಉತ್ತರ ಮ್ಯಾಸಿಡೋನಿಯಾದಲ್ಲಿ 15 ದಿನ. ಸೆರ್ಬಿಯಾ ಎಲ್ಲ ಭಾರತೀಯರಿಗೂ ಕೊಟ್ಟಿದ್ದ 30 ದಿನದ ಸೌಲಭ್ಯ 2023ರ ಜನವರಿ 1ರಿಂದ ಹೋಯಿತು. ಹಳೆಯ ಬರಹ ನೋಡಿಕೊಂಡು, ಕಾರ್ಡ್ ಇಲ್ಲದ ನೆಂಟರನ್ನು ಅಲ್ಲಿಗೆ ಹೊರಡಿಸಬೇಡಿ.

ಕೆಲಸ ಕೆಡುವುದು ಹೆಚ್ಚಾಗಿ ಗಡಿಯಲ್ಲಲ್ಲ, ವಿಮಾನದ ಕೌಂಟರ್‌ನಲ್ಲಿ. ದಾಖಲೆ ಸರಿ ಇಲ್ಲದವರನ್ನು ಹತ್ತಿಸಿಕೊಂಡರೆ ಏರ್‌ಲೈನ್‌ಗೆ ಸಾವಿರಾರು ಯೂರೋ ದಂಡ. ಅದಕ್ಕೇ ಅಲ್ಲಿನವರು ಪಾಸ್‌ಪೋರ್ಟ್ ತಿರುವಿ ವೀಸಾ ಸ್ಟಿಕ್ಕರ್ ಹುಡುಕುತ್ತಾರೆ, ಕಾರ್ಡ್ ತೋರಿಸಿದರೂ ತಲೆ ಆಡಿಸುತ್ತಾರೆ. ವಾದಕ್ಕೆ ಇಳಿಯಬೇಡಿ, ‘ಟಿಮ್ಯಾಟಿಕ್‌ನಲ್ಲಿ ನೋಡಿ’ ಅನ್ನಿ. ಯಾವ ದೇಶಕ್ಕೆ ಯಾವ ದಾಖಲೆ ಬೇಕು ಎಂದು ಏರ್‌ಲೈನಿನವರೇ ನಂಬುವ ಪಟ್ಟಿ ಅದು. ಪೌರತ್ವ ಭಾರತ ಅಂತ ಮಾತ್ರ ಹಾಕಿದರೆ ‘ವೀಸಾ ಬೇಕು’ ಅಂತಲೇ ಬರುತ್ತದೆ, ವಾಸದ ದೇಶ ಜರ್ಮನಿ ಅಂತಲೂ ಹಾಕಿಸಬೇಕು. ಆಯಾ ದೇಶದ ವಿದೇಶಾಂಗ ಸಚಿವಾಲಯದ ಪುಟವನ್ನೂ ಪ್ರಿಂಟ್ ಹಾಕಿಸಿ, ಸಂಬಂಧಪಟ್ಟ ಸಾಲಿಗೆ ಹೈಲೈಟರ್ ಎಳೆದು, ಪಾಸ್‌ಪೋರ್ಟಿನ ಜೊತೆಗೇ ಕೊಡಿ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರದಲ್ಲೇ ಪ್ರಿಂಟ್ ತೆಗೆಯಿರಿ. ರಸ್ತೆಯಲ್ಲಿ ಹೋದರೆ ಈ ಕೌಂಟರ್ ಕಾಟವೇ ಇಲ್ಲ. ನಾನು ಕಾರು ಆರಿಸಿದ್ದು ಅದಕ್ಕೇ.

ಕಾರ್ಡ್ ನವೀಕರಣಕ್ಕೆ ಕೊಟ್ಟು ಫಿಕ್ಷನ್ಸ್‌ಬೆಷೈನಿಗುಂಗ್ (ಹೊಸ ಕಾರ್ಡ್ ಬರುವವರೆಗೆ ಕೊಡುವ ತಾತ್ಕಾಲಿಕ ಹಾಳೆ) ಹಿಡಿದಿರುವವರು ಈ ದಾರಿ ಹಿಡಿಯಬೇಡಿ. ಅದರಲ್ಲಿ ಜರ್ಮನ್ ವಾಸ ಕಾನೂನಿನ ಕಲಂ 81(4)ಕ್ಕೆ ಗುರುತು ಇದ್ದರೆ ಜರ್ಮನಿಗೆ ಮರಳಬಹುದು, 81(3) ಆದರೆ ಅದೂ ಇಲ್ಲ. ಬಾಲ್ಕನ್ ದೇಶಗಳು ಕೇಳುವುದು ಪರ್ಮಿಟ್, ಆ ಹಾಳೆಯಲ್ಲ.

ಊರಿಂದ ಬಂದ ಅಪ್ಪ ಅಮ್ಮನ ಲೆಕ್ಕ ಬೇರೆ. ಅವರ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಶೆಂಗೆನ್ ಬಿಟ್ಟ ಕ್ಷಣ ಮುಗಿಯಿತು. ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಸ್ಪ್ಲಿಟ್‌ನಿಂದ ಡುಬ್ರೋವ್ನಿಕ್‌ಗೆ ಹೋಗುವ ರಸ್ತೆ. ಎರಡೂ ಕ್ರೊಯೇಷಿಯಾದಲ್ಲೇ ಇದ್ದರೂ ಹಳೇ ಕರಾವಳಿ ರಸ್ತೆ ನೆಯುಮ್ ಬಳಿ ಬೋಸ್ನಿಯಾದೊಳಗೆ ಹಾದುಹೋಗುತ್ತದೆ. ಕ್ರೊಯೇಷಿಯಾ 2023ರಲ್ಲಿ ಶೆಂಗೆನ್ ಸೇರಿದ ಮೇಲೆ ಅದು ಶೆಂಗೆನ್ ಗಡಿ. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಮೇಲೆ ಹೋಗಿ, ಟೋಲ್ ಇಲ್ಲ. ಬಸ್ಸಾದರೆ ಟಿಕೆಟ್ ಕೊಳ್ಳುವ ಮುಂಚೆಯೇ ಯಾವ ರಸ್ತೆ ಎಂದು ಕೇಳಿಕೊಳ್ಳಿ. ಅವರಿಗೆ ಮಲ್ಟಿಪಲ್ ಎಂಟ್ರಿ ಇದ್ದರೂ, ಅಲ್ಬೇನಿಯಾಕ್ಕೆ ಹೋಗುವ ಮುಂಚೆ ಆ ವೀಸಾ ಒಮ್ಮೆ ಬಳಕೆಯಾಗಿರಬೇಕು.

ಶೆಂಗೆನ್ ಗಡಿಯಲ್ಲಿ ಬಂದು ಹೋಗುವವರನ್ನು ಕಂಪ್ಯೂಟರಿನಲ್ಲಿ ದಾಖಲಿಸುವ, 2025ರ ಅಕ್ಟೋಬರ್ 12ರಂದು ಶುರುವಾದ ಇಇಎಸ್ ವ್ಯವಸ್ಥೆಯಲ್ಲಿ ಬೆರಳಚ್ಚು, ಫೋಟೊ ಕೊಡಬೇಕಾದವರೂ ಅಪ್ಪ ಅಮ್ಮನೇ. ಪರ್ಮಿಟ್ ಇರುವವರಿಗೆ ವಿನಾಯಿತಿ. ಕಿಯಾಸ್ಕ್ ಕಡೆ ತಳ್ಳಿದರೆ ಕಾರ್ಡ್ ಎತ್ತಿ ತೋರಿಸಿ ಅಧಿಕಾರಿ ಕೂತ ಬೂತಿಗೆ ಹೋಗಿ. ಪರ್ಮಿಟ್ ಇರುವ ನಮಗೂ ಕ್ರೊಯೇಷಿಯಾ, ಗ್ರೀಸ್‌ನಲ್ಲಿ ಕಳೆದ ದಿನಗಳು ಶೆಂಗೆನ್‌ನ 180ಕ್ಕೆ 90 ದಿನದ ಮಿತಿಯಲ್ಲಿ ಸೇರುತ್ತವೆ, ಜರ್ಮನಿಯವು ಸೇರುವುದಿಲ್ಲ.

ದುಡ್ಡು ಹೋಗುವುದು ಕಾರಿಗೆ. ಆಸ್ಟ್ರಿಯಾದ ಹತ್ತು ದಿನದ ವಿನ್ಯೆಟ್ (ಹೆದ್ದಾರಿ ಟೋಲ್ ಸ್ಟಿಕ್ಕರ್) ಹನ್ನೆರಡು ಯೂರೋ ಚಿಲ್ಲರೆ, ಸ್ಲೊವೇನಿಯಾದ ವಾರದ್ದು ಹದಿನಾರರ ಹತ್ತಿರ. ಬಾಡಿಗೆ ಕಾರಾದರೆ ಗಡಿ ದಾಟಲು ಲಿಖಿತ ಅನುಮತಿ ಬೇಕು, ಅದಕ್ಕೆ ಐವತ್ತರಿಂದ ನೂರು ಯೂರೋ ಇಟ್ಟುಕೊಳ್ಳಿ. ಕೆಲವರು ಅಲ್ಬೇನಿಯಾಕ್ಕೆ ಬಿಡುವುದೇ ಇಲ್ಲ. ಸ್ವಂತ ಕಾರಾದರೆ ವಿಮೆಯವರಿಂದ ಗ್ರೀನ್ ಕಾರ್ಡ್ (ಹೊರದೇಶದಲ್ಲೂ ವಿಮೆ ಇದೆ ಎನ್ನುವ ಪತ್ರ) ತರಿಸಿಕೊಂಡು, ಅದರಲ್ಲಿ ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾದ ಬಿಐಎಚ್, ಎಂಎನ್ಇ, ಎಎಲ್ ಚೌಕಗಳ ಮೇಲೆ ಗೀಟು ಹೊಡೆದಿಲ್ಲವೇ ನೋಡಿ. ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾದಲ್ಲಿ ಯುರೋಪಿಯನ್ ಒಕ್ಕೂಟದ ರೋಮಿಂಗ್ ನಡೆಯುವುದಿಲ್ಲ, ಡೇಟಾ ಆಫ್ ಮಾಡದಿದ್ದರೆ ಬಿಲ್ಲು ವೀಸಾ ಶುಲ್ಕವನ್ನೂ ಮೀರುತ್ತದೆ.

ಡುಬ್ರೋವ್ನಿಕ್‌ನಿಂದ ಮಾಂಟೆನೆಗ್ರೊದ ಕೋಟೊರ್‌ಗೆ ಹೋಗುವಾಗ ಡೆಬೆಲಿ ಬ್ರಿಯೆಗ್ ಗಡಿಯಲ್ಲಿ ಬೇಸಿಗೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಬೋಸ್ನಿಯಾ ಹೇಗೂ ದಾಟುವವರು ಟ್ರೆಬಿನ್ಯೆ ಕಡೆಯಿಂದ ಕ್ಲೋಬುಕ್ ಗಡಿಗೆ ಹೋಗಿ, ದಟ್ಟಣೆ ಕಡಿಮೆ. ಅಲ್ಬೇನಿಯಾದಿಂದ ಗ್ರೀಸಿಗೆ ದಾಟುವ ಕಕಾವಿಯಾ ಗಡಿಯಲ್ಲಿ ಯಾವ ಹೊತ್ತಿಗೆ ಹೋದರೆ ಸಲೀಸು ಎಂಬುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಮಾಂಟೆನೆಗ್ರೊ, ಸೆರ್ಬಿಯಾದಲ್ಲಿ 24 ಗಂಟೆಯೊಳಗೆ ವಾಸ ನೋಂದಣಿ ಆಗಬೇಕು. ಹೋಟೆಲಿನವರು ತಾವೇ ಮಾಡುತ್ತಾರೆ, ಖಾಸಗಿ ಮನೆಯಾದರೆ ಮಾಲೀಕರಿಂದ ಚೀಟಿ ಕೇಳಿ ಪಡೆಯಿರಿ.

ಇದೇ ಕಾರ್ಡನ್ನು ಬೇರೆ ಕಡೆಗೂ ಹೊಂದಿಸಿ ನೋಡಿದೆ. ಸೈಪ್ರಸ್ ಶೆಂಗೆನ್ ಅಲ್ಲದಿದ್ದರೂ ಈ ಪರ್ಮಿಟ್ ಒಪ್ಪುತ್ತದೆ, ಅಲ್ಲಿನ ದಿನಗಳು ಶೆಂಗೆನ್ ಲೆಕ್ಕಕ್ಕೆ ಸೇರುವುದಿಲ್ಲ. ಟರ್ಕಿಯ ಇ-ವೀಸಾಕ್ಕೂ ಇದೇ ಆಧಾರ. ಕೊಸೊವೊ ಒಪ್ಪುತ್ತದೆ, ಆದರೆ ಅಲ್ಬೇನಿಯಾ ಕಡೆಯಿಂದ ಕೊಸೊವೊ ಹೊಕ್ಕು ನೇರ ಸೆರ್ಬಿಯಾಕ್ಕೆ ಹೋಗಲಾಗದು. ಸೆರ್ಬಿಯಾ ಅದನ್ನು ತನ್ನದೇ ನೆಲ ಎನ್ನುವುದರಿಂದ ನಿಮ್ಮದು ಅಕ್ರಮ ಪ್ರವೇಶವಾಗುತ್ತದೆ. ಉತ್ತರ ಮ್ಯಾಸಿಡೋನಿಯಾ ಸುತ್ತಿ ಹೋಗಿ. ಐರ್ಲೆಂಡ್, ಬ್ರಿಟನ್ ಎರಡೂ ಈ ಕಾರ್ಡಿಗೆ ಬಗ್ಗುವುದಿಲ್ಲ. ಅಲ್ಲಿಗೆ ವೀಸಾ ಬೇಕೇ ಬೇಕು. ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂದು ಬರೆದಿರುವ ವೀಸಾ ಸಿಕ್ಕರೆ ಒಂದರಲ್ಲೇ ಎರಡೂ ದೇಶ ಆಗುತ್ತದೆ, ಮೊದಲು ಇಳಿಯಬೇಕಾದ್ದು ವೀಸಾ ಕೊಟ್ಟ ದೇಶದಲ್ಲಿ.