ಪಿಕಪ್ ಹಿಂದಿನ ಪ್ಲೇಟ್ ಪದೇ ಪದೇ ಮುರಿಯುತ್ತಿತ್ತು, ಸರಿಹೋಗಿದ್ದು ಹೀಗೆ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುವ ಪಿಕಪ್. ಎಂಟು ತಿಂಗಳಲ್ಲಿ ಹಿಂದಿನ ಎಡಗಡೆ ಸ್ಪ್ರಿಂಗ್ ಪಟ್ಟಿಗಳ ಕಟ್ಟಿನ ಮೇನ್ ಪ್ಲೇಟ್ (ಎಲ್ಲಕ್ಕಿಂತ ಉದ್ದದ ಮುಖ್ಯ ಪಟ್ಟಿ) ಮೂರು ಸಲ ಮುರಿಯಿತು. ಪ್ಲೇಟ್ ಬದಲಿಸಿದೆ, ಒಂದು ಜಾಸ್ತಿಯೂ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಹೊಸದಾಯಿತು. ಸುಮ್ನೆ ದುಡ್ಡು ದಂಡ.

ಮುರಿದ ತುಂಡು ಜೋಡಿಸಿ ನೋಡಿದೆ. ಮೂರೂ ಸೆಂಟರ್ ಬೋಲ್ಟ್ (ಪ್ಲೇಟ್‌ಗಳನ್ನು ನಡುವೆ ಜೋಡಿಸುವ ಬೋಲ್ಟ್) ತೂತಿನಲ್ಲೇ ಮುರಿದಿದ್ದವು. ಅಂದರೆ ಪ್ಲೇಟ್ ಕಟ್ಟನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲ, ಅದಕ್ಕೇ ಪ್ಲೇಟ್ ಆ ತೂತಿನ ಜಾಗದಲ್ಲಿ ಬಾಗಿ ಮುರಿಯುತ್ತಿತ್ತು. ಪ್ರತಿ ಸಲ ಗ್ಯಾರೇಜಿನವರು ಹಳೆಯ ಯು ಬೋಲ್ಟನ್ನೇ ಬಿಗಿಯುತ್ತಿದ್ದರು!

ಈ ಸಲ ಯು ಬೋಲ್ಟ್, ನಟ್, ಸೆಂಟರ್ ಬೋಲ್ಟ್ ಎಲ್ಲಾ ಹೊಸದು. ಆಕ್ಸಲ್ ಸೀಟಿನ (ಆಕ್ಸಲ್ ಮೇಲೆ ಪ್ಲೇಟ್ ಕಟ್ಟು ಕೂರುವ ಜಾಗ) ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಸಿದೆ. ಸೆಂಟರ್ ಬೋಲ್ಟ್ ತಲೆ ಸೀಟಿನ ತೂತಿನಲ್ಲಿ ಕೂತ ಮೇಲೆ ನಟ್‌ಗಳನ್ನು ಅರ್ಧ ಬಿಗಿದು, ಜಾಕ್ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ನಂತರ ಟಾರ್ಕ್ ರೆಂಚ್‌ನಲ್ಲಿ (ಬಿಗಿಯುವ ಬಲ ಅಳೆಯುವ ಪಾನಾ) ಪೂರ್ತಿ ಬಿಗಿದಿದ್ದು. ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತಿನಲ್ಲಿ. ಟಾರ್ಕ್ (ಬಿಗಿಯುವ ತಿರುಗು ಬಲ) ಎಷ್ಟು ಅನ್ನೋದನ್ನು ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲೇ ನೋಡಿ. 100 ಕಿ.ಮೀ. ಓಡಿಸಿ ಮತ್ತೆ ಬಿಗಿದಾಗ ಎರಡು ನಟ್ ಕಾಲು ಸುತ್ತು ತಿರುಗಿದವು.