ಕೋವಿಡ್ ವಾಸಿಯಾದರೂ ಎದೆ ಡವಗುಟ್ಟುತ್ತಿದೆಯೇ? ನಾಡಿಯನ್ನು ನಿಂತು ಅಳೆಯಿರಿ

ಕೊರೊನಾ ವೈರಸ್ ಜೀವಕೋಶದೊಳಕ್ಕೆ ನುಗ್ಗುವುದು ಎಸಿಇ2 ಎಂಬ ಪ್ರೋಟೀನಿನ ಮೂಲಕ. ಅದು ಶ್ವಾಸಕೋಶದಲ್ಲಷ್ಟೇ ಅಲ್ಲ, ಹೃದಯದಲ್ಲೂ ಇದೆ. ಸೋಂಕಿನ ಜೊತೆ ಉರಿಯೂತವೂ ಸೇರಿದಾಗ ರಕ್ತನಾಳಗಳ ಒಳಪದರ ಕೆಟ್ಟು, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕೆಲವರಿಗೆ ಹೃದಯದ ಸ್ನಾಯುವೇ ಊದಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ನಾಡಿ, ರಕ್ತದೊತ್ತಡಗಳನ್ನು ನೋಡಿಕೊಳ್ಳುವ ನರಮಂಡಲ ಹದ ತಪ್ಪುತ್ತದೆ. ಈ ಕೊನೆಯದೇ ಹೆಚ್ಚಾಗಿ ಕಣ್ತಪ್ಪುವುದು. ಮಲಗಿಸಿ ತೆಗೆದ ಇಸಿಜಿ, ಕೂರಿಸಿ ನೋಡಿದ ಬಿಪಿ ಎರಡೂ ಸರಿಯಾಗಿರುತ್ತವೆ. ತೊಂದರೆ ಕಾಣುವುದು ನಿಂತಾಗ.

ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಮಾತು ತೊದಲುವುದು: ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಪರೀಕ್ಷೆ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.

ಉಳಿದವರಿಗೆ ತೋಳಿಗೆ ಸುತ್ತುವ ಬಿಪಿ ಯಂತ್ರ ಸಾಕು. ತಲೆ ಸುತ್ತಿದರೆ ಹಿಡಿದುಕೊಳ್ಳಲು ಒಬ್ಬರು ಪಕ್ಕದಲ್ಲಿರಲಿ. ಬೆಳಿಗ್ಗೆ ಕಾಫಿ, ಟೀ ಕುಡಿಯುವ ಮೊದಲು 10 ನಿಮಿಷ ಅಂಗಾತ ಮಲಗಿ, ಬಿಪಿ ಮತ್ತು ನಾಡಿ ಬರೆದುಕೊಳ್ಳಿ. ಆಮೇಲೆ ಎದ್ದು, ಹಿಮ್ಮಡಿಯನ್ನು ಗೋಡೆಯಿಂದ 15 ಸೆಂ.ಮೀ. ಮುಂದಿಟ್ಟು, ಬೆನ್ನಿನ ಮೇಲ್ಭಾಗವನ್ನು ಗೋಡೆಗೆ ಒರಗಿಸಿ ನಿಲ್ಲಿ. 1, 3, 5, 10ನೇ ನಿಮಿಷಗಳಲ್ಲಿ ಮತ್ತೆ ಅಳೆಯಿರಿ. ಯಂತ್ರ ಓಡುವಾಗ ತೋಳು ಹೃದಯದ ಮಟ್ಟದಲ್ಲಿರಲಿ. ಮಾತು ಬೇಡ, ಕಾಲು ಅಲುಗಿಸುವುದಂತೂ ಬೇಡವೇ ಬೇಡ: ಮೀನಖಂಡ ಬಿಗಿದರೆ ರಕ್ತ ಮೇಲಕ್ಕೆ ಹೋಗಿ ತೊಂದರೆ ಮರೆಯಾಗುತ್ತದೆ. ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ ಮಲಗಿ.

ಮೊದಲ 3 ನಿಮಿಷಗಳಲ್ಲಿ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬಿಪಿ ಕುಸಿಯುವ ಸಮಸ್ಯೆ. ಬಿಪಿ ಹಾಗೆ ಇಳಿಯದೆ ನಾಡಿ ಮಾತ್ರ ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 (12ರಿಂದ 19 ವಯಸ್ಸಿನವರಿಗೆ 40) ಅಥವಾ ಅದಕ್ಕೂ ಹೆಚ್ಚು ಏರಿ ಅಲ್ಲೇ ಉಳಿದರೆ ಪಾಟ್ಸ್ (ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ) ಇರಬಹುದು. ಹಾಗೆಂದು ವೈದ್ಯರು ಹೇಳಬೇಕಾದರೆ ಲಕ್ಷಣಗಳು 3 ತಿಂಗಳಾದರೂ ಇರಬೇಕು. ರಕ್ತಹೀನತೆ, ಥೈರಾಯ್ಡ್, ನಿರ್ಜಲೀಕರಣ ಕಾರಣವಲ್ಲ ಎಂದೂ ಖಚಿತವಾಗಬೇಕು. ಬಿಪಿ, ಹೃದ್ರೋಗಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯ ಏರಿಕೆಯನ್ನು ಮುಚ್ಚಿಡುತ್ತದೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ಅಳತೆ ಬರೆದ ಚೀಟಿಯಲ್ಲಿ ಅದರ ಹೆಸರನ್ನೂ ಬರೆದಿಡಿ.

ಪಾಟ್ಸ್ ಖಚಿತವಾದವರಿಗೆ ಸಾಮಾನ್ಯವಾಗಿ ದಿನಕ್ಕೆ 2ರಿಂದ 3 ಲೀಟರ್ ನೀರು, ಹೆಚ್ಚು ಉಪ್ಪು ಹೇಳುತ್ತಾರೆ. ಬಿಪಿ, ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಇದ್ದವರು ಇದನ್ನು ವೈದ್ಯರನ್ನು ಕೇಳದೆ ಮಾಡಕೂಡದು. ಬಿಗಿ ಕಾಲುಚೀಲ ಸೊಂಟದವರೆಗೆ ಬರಬೇಕು. ರಕ್ತ ಹೊಟ್ಟೆಯ ಭಾಗದಲ್ಲೂ ನಿಲ್ಲುವುದರಿಂದ ಮೊಣಕಾಲಿನವರೆಗಿನದು ಅಷ್ಟು ಉಪಯೋಗಕ್ಕೆ ಬಾರದು. ವ್ಯಾಯಾಮವನ್ನು ಮಲಗಿ ಮಾಡುವಂಥದ್ದರಿಂದಲೇ ಶುರುಮಾಡಿ. ಮರುದಿನ ಸುಸ್ತು ಹೆಚ್ಚಾದರೆ ಕಡಿಮೆ ಮಾಡಿ.

ಹೃದಯದ ಸ್ನಾಯುವಿನ ಉರಿಯೂತ ಖಚಿತವಾಗಿದ್ದರೆ ಮಾತ್ರ ಲೆಕ್ಕ ಬೇರೆ. ಶ್ರಮದಿಂದ ಹೃದಯದ ಲಯ ಅಪಾಯಕಾರಿಯಾಗಿ ಕೆಡಬಹುದು. ಅದಕ್ಕೇ ಸಾಮಾನ್ಯವಾಗಿ 3ರಿಂದ 6 ತಿಂಗಳು ಓಟ, ಜಿಮ್, ಆಟ ಬಿಡಿಸುತ್ತಾರೆ. ಮೈ ಹಗುರಾಯಿತೆಂದು ಅವಧಿಗೆ ಮೊದಲೇ ಓಡಬೇಡಿ. ಮತ್ತೆ ಪರೀಕ್ಷೆ ಮಾಡಿದ ವೈದ್ಯರು ಒಪ್ಪಿದ ಮೇಲೆಯೇ ಶುರುಮಾಡಿ.